ಮನಿಗೆ ಹೋಗೂ ಗಾಲಿ

ಗಬ್ಬೂರ ಬೈಪಾಸಿನ ಬಾಜೂಕ ಮಕ್ತುಮಸಾಬನ ಟಾಯರಂಗಡಿ.
ಮುಂದೊಂದು ಕಲ್ಲಿನ ದೋಣಿ,
ಟ್ಯೂಬು ಮುಳುಗಿಸಿ, ಗುಳ್ಳಿ ಎಲ್ಲಿಂದ ಏಳತಾವ ನೋಡಾಕ.
ನಾ ಹೇಳಿದೆ: ಗಾಡಿ ಬಾಳ ಜೋರೈತಿ ಕಾಕಾ,
ನಮ್ಮ ಗುಡ್ಡಪ್ಪ ದೊಡ್ಡ ಟರ್ಬೊ ಹಾಕ್ಯಾನ,
ಎರಡನೇ ಗೇರಿನ್ಯಾಗೂ ಹಿಂದಿನ ಗಾಲಿ ಸುಮ್ಮ ತಿರಗತಾವ.
ಹೊಗಿ ಮುಂದ ಹೋಗತೈತಿ, ಗಾಡಿ ಅಲ್ಲೇ.

ಹಾರ್ಸ್‌ಪವರ್ ಎಷ್ಟು ಅಂತ ಆತ ಕೇಳಲಿಲ್ಲ.
"ಏನ್ ಹೇರತಿ?" ಅಂದ.
ಸವಣೂರ ಎಲಿ. ರಾತ್ರಿ ಎರಡಕ್ಕ ಪೆಂಡಿ ಹೇರಿ
ಹಸಿ ಗೋಣಿ ಹೊದಿಸಿದ್ರ ನಾಕಕ್ಕ ಹುಬ್ಬಳ್ಳಿ.
"ಓಡಸೂದು?"
ಧಾರವಾಡದ ಆಚೆ ಒಂದು ಲೇಔಟು.
ಒಂದೂ ಮನಿ ಇಲ್ಲ, ಕಲ್ಲು ನೆಟ್ಟು ನಂಬರು ಬರದಾರ,
ಡಾಂಬರು ಮಾತ್ರ ಕನ್ನಡಿ.
ಐತವಾರ ಮುಂಜಾನೆ ಗೇಟು ಹಾಕಿಸಿ
ನಾನೂರು ಮೀಟರು, ಇಬ್ಬಿಬ್ಬರು.
"ಮಂದಿ ಇಲ್ಲದಲ್ಲಿ ಚಲೋ ರೋಡು ಮಾಡ್ಯಾರ," ಅಂದು
ಏಣಿ ಹತ್ತಿದ.

ಮೊದಲನೇದು ಇಳಿಸಿದ. ಬಗಲಾಗ ನಾಕು ಅಂಕಿ,
ಹುಟ್ಟಿದ ವಾರ, ಹುಟ್ಟಿದ ವರ್ಷ.
"ಜಾತಕ ನೋಡದ ತಗೋಬ್ಯಾಡ."
ಹೆಬ್ಬೆರಳಿನ ಉಗುರು ಒತ್ತಿದ,
ಸುಟ್ಟ ಬದನಿಕಾಯಿಗೆ ಹೋದಂಗ ಒಳಗ ಹೋತು.
"ಕಾಲಿಗೆ ಹತ್ತಿದ ಎರಿಮಣ್ಣು ಗೊತ್ತಲ್ಲ,
ಚಪ್ಪಲಿ ಇಟಗೊಂಡ ಕಳಸತೈತಿ. ಹಂಗ ಹಿಡೀತೈತಿ ಇದು.
ಆದ್ರ ಬಿಸಿ ಆಗೂತನಕ ಮಾತಿಲ್ಲ,
ಹೊಸದಾಗಿ ಬಂದ ಅಳಿಯನ ಗತೆ.
ಮ್ಯಾಲ ಗೆರಿ ಇಲ್ಲ ನೋಡು. ಮಳಿ ಬಂತಂದ್ರ
ನೀರಿಗೆ ಹೋಗಾಕ ದಾರಿ ಇಲ್ಲ,
ನೀನ ಹೋಗತಿ."

ಎರಡನೇದು ಉಗುರಿಗೆ ಜಗ್ಗಲಿಲ್ಲ.
"ಐವತ್ತು ಸಾವಿರ ಓಡತೈತಿ. ಯಾರೂ ಸೀಟಿ ಹೊಡಿಯಂಗಿಲ್ಲ."
ನಡುವಿನದೂ ಒಂದಿತ್ತು, ಕೈಯಾಗ ಹಿಡಕೊಂಡು
ಯಾಕೋ ಮತ್ತ ಮ್ಯಾಲ ಇಟ್ಟ.

ಕೈ ಒರಸಿಕೊಂತ ಕೇಳಿದ:
"ಓಡಿಸಿದ ಮ್ಯಾಲ ಮನಿಗೆ ಯಾವುದರ ಮ್ಯಾಲ ಹೋಗತಿ, ತಂಗಿ?"

ಇದನ್ನ ಗುಡ್ಡಪ್ಪ ಕೇಳಿರಲಿಲ್ಲ.
ಅವನ ಮೊಬೈಲಿನ್ಯಾಗ ರೋಡು
ನಾನೂರು ಮೀಟರಿಗೆ ಮುಗೀತಿತ್ತು.

ಮೆತ್ತನ್ನವು ಎರಡು ತಗೊಂಡೆ. ಎರಡು ತಿಂಗಳ ಎಲಿ ದುಡ್ಡು.
ಹಳೇವು ಎಸೀಲಿಲ್ಲ, ರಿಮ್ಮು ಸಹಿತ
ಹಿಂದ ಹಾಕಿ ಹಗ್ಗ ಬಿಗಿದೆ, ಮನಿಗೆ ಹೋಗಾಕ ಬೇಕಲ್ಲ.

ಐತವಾರ. ಎಪ್ಪತ್ತೊಂದನೇ ನಂಬರಿನ ಕಲ್ಲಿನ ಹತ್ರ ಜಾಕು ಏರಿಸಿ
ಗಾಲಿ ಬದಲಿಸಿದೆ, ಗಾಳಿ ಹದಿನೆಂಟಕ್ಕ ಇಳಿಸಿದೆ.
ಅವ್ವ ರೊಟ್ಟಿ ಬಡಿಯೂಮುಂದ ಅಂಗೈ ಹರಡಿದಂಗ
ರಬ್ಬರು ಡಾಂಬರಿನ ಮ್ಯಾಲ ಕುಂತಿತು.
ಬಾಜೂಕ ನರೇಂದ್ರದ ಡೈರಿಯವರ ಕೆಂಪು ಪಿಕಪ್ಪು.
"ಹಳೇ ಗಾಲಿ ಇಳಸು, ಭಾರ ಆಕ್ಕಾವ," ಅಂದ ಅವರ ಡ್ರೈವರು.
ಇಳಸಲಿಲ್ಲ.
ಕೈ ಬಿದ್ದಾಗ ಗೊತ್ತಾತು:
ಎಂದೂ ಮ್ಯಾಲ ಹಾರೂ ನನ್ನ ಗಾಡಿಯ ಹಿಂಭಾಗ
ಇವತ್ತು ಹಾರಲಿಲ್ಲ.
ಮನಿಗೆ ಹೋಗೂ ಗಾಲಿ ಎರಡೂ ಬೆನ್ನ ಮ್ಯಾಲ ಕುಂತು
ಒತ್ತಿ ಹಿಡದಿದ್ದವು.
ಹೊಗಿ ಇಲ್ಲ. ಬರೇ ರೋಡು, ಕುತಗಿಗೆ ಬಂದ ಎದಿ,
ಒಂದರ ಹಿಂದೊಂದು ಯಾರೂ ಕಟ್ಟದ ಮನಿಗಳ ನಂಬರು.

ತಿರುಗಿ ಬರುವಾಗ ಶಿಗ್ಗಾವಿಗೆ ಮಳಿ ಹಿಡೀತು.
ಹಳೇ ಗೆರಿಯೊಳಗಿಂದ ನೀರು ಜುಳು ಜುಳು ಸರೀತಿತ್ತು,
ವೈಪರಿನ ಸಪ್ಪಳ ಕೇಳಿಕೋತ ನಿಧಾನ ಬಂದೆ.

ಮರುದಿನ ಎಲಿ ಇಳಿಸಿ ಗಬ್ಬೂರಿಗೆ ಹೋದೆ.
ಮಕ್ತುಮಸಾಬ ಚಾ ಬಸಿಗೆ ಹಾಕಿ ಊದಾಕತ್ತಿದ್ದ.
ಗೆದ್ದಿಯೋ ಸೋತಿಯೋ ಕೇಳಲಿಲ್ಲ.
"ಐವತ್ತು ಕಿಲೋಮೀಟರ ಆದ ಮ್ಯಾಲ
ನಟ್ಟು ಮತ್ತೊಮ್ಮೆ ಬಿಗಿ ಮಾಡಿದಿಲ್ಲೋ?" ಅಂದ.
ಮಾಡಿರಲಿಲ್ಲ.
ಬಸಿ ಕೆಳಗಿಟ್ಟು ಪಾನಾ ತಗೊಂಡು ಎದ್ದ.